ಮೆಟ್ಟಾಡೆ: ಕಂದಾಯ ತಿಂದ ಇಲಿ

ಈ ಸಲದ ಕತಿ ಒಂದು ಇಲಿಯದು. ನಗಬ್ಯಾಡ್ರಿ. ಈ ಇಲಿಯ ದೆಸೆಯಿಂದ ರೈತರು ಕಂದಾಯ ಕಟ್ಟಲಾಗದ ವರ್ಷವೊಂದಿತ್ತು: 1826.

ಅದನ್ನು ಬರೆದಿಟ್ಟವನು ವಾಲ್ಟರ್ ಎಲಿಯಟ್. ಹೆಸರು ಕೇಳಿರಲಿಕ್ಕಿಲ್ಲ. ಆದ್ರ ಕಿತ್ತೂರ ಚೆನ್ನಮ್ಮನ ಕತಿ ಗೊತ್ತದಲ್ಲ? 1824ರಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತಾಗ ಕಿತ್ತೂರಿನವರ ಕೈಗೆ ಸೆರೆಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ಇವನೊಬ್ಬ, ಇನ್ನೊಬ್ಬ ಸ್ಟೀವನ್ಸನ್. ಎಲಿಯಟ್‌ಗೆ ಆಗ 21 ವರ್ಷ. ಬಿಡುಗಡೆ ಆದಮೇಲೂ ಧಾರವಾಡ ಸೀಮೆಯಲ್ಲೇ ಇದ್ದ, ಶಾಸನ ನಕಲು ಮಾಡಿಸಿದ, ಕಂಡ ಪ್ರಾಣಿಗಳ ಪಟ್ಟಿ ಬರೆದ. ಆ ಪಟ್ಟಿ 1839ರಲ್ಲಿ ಮದ್ರಾಸಿನ ಒಂದು ವಿದ್ವತ್ ಪತ್ರಿಕೆಯಲ್ಲಿ ಅಚ್ಚಾಯ್ತು.

ಅದರಲ್ಲಿ ಬರೋದೇ ಈ ಮೆಟ್ಟಾಡೆ. ಹೆಸರು ಒಡ್ಡರು ಕೊಟ್ಟದ್ದು. ಬಿಲ ತೋಡೋದರಲ್ಲಿ ಈ ಇಲಿ ಮಹಾ ಸೋಮಾರಿ. ಹೊಲದ ಕಲ್ಲುಗುಡ್ಡೆ, ಬೇರೆ ಇಲಿ ಬಿಟ್ಟುಹೋದ ಬಿಲ, ಇಲ್ಲಾಂದ್ರ ಬ್ಯಾಸಿಗಿಯಲ್ಲಿ ಎರಿ ಭೂಮಿ ಬಿಡ್ತದಲ್ಲ, ಕಾಲು ಹೋಗುವಷ್ಟು ಬಿರುಕು, ಅದೇ ಇದರ ಮನಿ. ಮುಂಗಾರು ಬಿದ್ದ ಕೂಡಲೇ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ತದ, ಒಳಗಿದ್ದವು ಲೆಕ್ಕವಿಲ್ಲದಷ್ಟು ಸಾಯ್ತಾವ. ಪ್ರತಿವರ್ಷ ಹಿಂಗ.

1826ರಲ್ಲಿ ಮುಂಗಾರಿನ ಶುರುವಿನ ಮಳೆ ಸಾಲಲಿಲ್ಲ. ಇಲಿ ಹೆಚ್ಚಿದವು. ಬಿತ್ತಿದ ಬೀಜ ಬಿತ್ತಿದಂಗೇ ತಿಂದವು. ಉಳಿದ ಜೋಳ ಹಾಲುಗಾಳು ದಾಟಿ ಬಲಿಯೋ ಹೊತ್ತಿಗೆ ದಂಟು ಹತ್ತಿ ತೆನೆ ಕಡಿದು ಕೆಡವಿ ತಿಂದವು. ರೈತರು ಒಡ್ಡರನ್ನು ಕರೆಸಿದರು. ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳು ಅಂತ ಕೂಲಿ. ಸಾವಿರಗಟ್ಟಲೆ ಕೊಂದರೂ ಇಲಿ ಕಡಿಮೆ ಆದಂಗ ಕಾಣಲಿಲ್ಲ ಅಂತಾನ ಎಲಿಯಟ್.

ಬಿ.ಕಾಂ. ಓದಿದ ನನ್ನ ಕಣ್ಣು ನಿಲ್ಲೋದು ಇಲ್ಲೇ. ಇಲಿ ತಿಂದು ಬಿಟ್ಟ ಕಾಳಿನಲ್ಲೇ ಇಲಿ ಕೊಂದವರಿಗೆ ಕೂಲಿ. ಖರ್ಚು ಎರಡು ಕಡೆ, ಜಮಾ ಸೊನ್ನೆ, ಮ್ಯಾಲೆ ಕಂದಾಯ. ಕೆರೆ ತೋಡೋ ಒಡ್ಡರು ಈ ಇಲಿ ತಿಂತಿದ್ದರು ಅಂತಲೂ ಅವನು ಬರೆದಾನ. ಓದುವವರು ಅಲ್ಲಿ ಮೂಗು ಮುರೀತಾರ. ನನಗ ಕಾಣೋದು ಬ್ಯಾರೇನೆ: ಯಾವ ಬಿಲದಾಗ ಯಾವ ಇಲಿ ಅಂತ ಸಾಹೇಬನಿಗೆ ಹೇಳಿಕೊಟ್ಟ ಪಂಡಿತರು ಇವರೇ, ಆದ್ರ ಅವರಲ್ಲಿ ಒಬ್ಬರ ಹೆಸರೂ ಉಳಿದಿಲ್ಲ.

ಎಲಿಯಟ್ ನೋಡಿದ್ದು ಕಂಪನಿ ಸೀಮೆ. ಆಳಂದ, ಅಫಜಲಪುರ, ಜೇವರ್ಗಿ ಆಗ ನಿಜಾಮರ ರಾಜ್ಯ. ಗಡಿ ಮನುಷ್ಯರದು, ಎರಿ ಮಣ್ಣು ಭೀಮಾ ದಾಟಿ ಹಂಗೇ ಬರ್ತದ. ಹೋದ ಚಳಿಗಾಲ ಜೇವರ್ಗಿ ಕಡೆ ಗೆಳೆಯನ ತೊಗರಿ ಹೊಲದಾಗ ರಬ್ಬರ್ ಕಟ್ಟಿದ ಕವಣಿ ಹಿಡಿದು ಒಂದು ದಿನ ಕುಂತಿದ್ದೆವು. ಒಡ್ಡಿನ ಮ್ಯಾಲೆ ಅಳಿಲು ಓಡಿತು, ನಾನು ಗುರಿ ಇಟ್ಟೆ. "ಲೇ, ಅದನ್ನ ಬಿಡು, ಅದು ನಿನಗೇನು ಮಾಡ್ಯದ?" ಅಂದ. ಸಂಜಿತನಕ ಬಿದ್ದದ್ದು ಒಂದೇ ಇಲಿ. ಅವರಪ್ಪ ಹಿಂದಿನ ದಿನ ಔಷಧಿ ಇಟ್ಟು ಮುಚ್ಚಿದ್ದ ಬಿಲಗಳಲ್ಲಿ ನಾಲ್ಕು ಮತ್ತೆ ತೆರೆದಿದ್ದವು. ಆ ಪುಡಿ, ಜಿಂಕ್ ಫಾಸ್ಫೈಡ್, ಕರಿ ಬಣ್ಣದ್ದು. ಅದಕ್ಕೂ ಈಗ ರೊಕ್ಕ.

1876–78ರ ಭೀಕರ ಬರದ ಬೆನ್ನಿಗೇ ದಖ್ಖನ್ ಮತ್ತೆ ಇಲಿ ಹಾವಳಿ ಕಂಡಿತು. ಬರದಲ್ಲಿ ಬದುಕಿ ಉಳಿದವರು ಬಿತ್ತಿದ ಮೊದಲ ಬೆಳೆಗಳವು. ಅದಕ್ಕ ಇನ್ನೊಂದು ಎಪಿಸೋಡೇ ಬೇಕು.

ಹೆಸರಿಗೊಂದು ಬಾಲ ಅದ. 1837ರಲ್ಲಿ ಲಂಡನ್ನಿನ ಜಾನ್ ಎಡ್ವರ್ಡ್ ಗ್ರೇ ಈ ಇಲಿಗೆ ಶಾಸ್ತ್ರೀಯ ಹೆಸರು ಇಟ್ಟಾಗ ಒಡ್ಡರ 'ಮೆಟ್ಟಾಡೆ'ಯ ಅಕ್ಷರ ಬದಲಾಗಿ 'ಮೆಲ್ಟಾಡಾ' ಅಂತ ಅಚ್ಚಾಯ್ತು. ಇವತ್ತಿಗೂ ಜಗತ್ತಿನ ಪುಸ್ತಕಗಳಲ್ಲಿ ಅದು ಮಿಲ್ಲಾರ್ಡಿಯಾ ಮೆಲ್ಟಾಡಾ.