ತೊಟ್ಟಿಲಿಗೆ ಯಾವ ದರ್ಜೆ?

ವಿಮಾನದ ಬಿಸಿನೆಸ್ ಕ್ಲಾಸಿನಲ್ಲಿ ಹಸುಗೂಸುಗಳಿಗೆ ಸ್ಥಳವಿರಬೇಕೆ ಎಂಬ ಚರ್ಚೆ ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಏಳುತ್ತಿದೆ. ಲಕ್ಷಗಟ್ಟಲೆ ಹಣ ತೆತ್ತು ಒಂದು ರಾತ್ರಿಯ ನಿದ್ದೆಯನ್ನು ಕೊಂಡವನು ಪಕ್ಕದ ಮಗುವಿನ ಅಳುವನ್ನು ಏಕೆ ಸಹಿಸಬೇಕು ಎಂಬುದು ಒಂದು ಪಕ್ಷದ ವಾದ. ಅಷ್ಟೇ ಹಣ ತೆತ್ತ ತಾಯಿಗೆ ಕಾಲು ಚಾಚುವ ಹಕ್ಕಿಲ್ಲವೆ ಎಂಬುದು ಇನ್ನೊಂದು ಪಕ್ಷದ ಪ್ರಶ್ನೆ. ಎರಡೂ ಪಕ್ಷದವರು ಇದನ್ನು ನಮ್ಮ ಕಾಲದ ಹೊಸ ಜಗಳವೆಂದೇ ತಿಳಿದಂತಿದೆ. ಆದರೆ ಬಂದರು, ರೈಲು ನಿಲ್ದಾಣ, ವಿಮಾನ ನಿಲ್ದಾಣ ಮೂರೂ ಇರುವ ಚೆನ್ನೈಯಲ್ಲಿ ನಿಂತು ಹಿಂದಿರುಗಿ ನೋಡಿದರೆ ಈ ಜಗಳದ ಬೇರು ನೂರೈವತ್ತು ವರ್ಷಗಳಷ್ಟು ಆಳಕ್ಕೆ ಇಳಿದಿರುವುದು ಕಾಣುತ್ತದೆ. ಮೇಲ್ದರ್ಜೆಯ ಪ್ರಯಾಣದಲ್ಲಿ ಮಗು ಯಾವಾಗಲೂ ಇತ್ತು. ಬದಲಾದದ್ದು ಅದನ್ನು ಎತ್ತಿಕೊಂಡಿದ್ದ ಕೈ.

ಮೊದಲು ಹಡಗಿನ ಕಾಲ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಭಾರತಕ್ಕೂ ಇಂಗ್ಲೆಂಡಿಗೂ ನಡುವಣ ಸಮುದ್ರಯಾನ ಬಹಳ ಕಿರಿದಾಯಿತು. ಬ್ರಿಟಿಷ್ ಅಧಿಕಾರಿಗಳು, ತೋಟದ ದೊರೆಗಳು, ವರ್ತಕರು ಹೆಂಡತಿ ಮಕ್ಕಳೊಡನೆ ಓಡಾಡತೊಡಗಿದರು. ಇಲ್ಲಿಯ ಬಿಸಿಲು ಮಕ್ಕಳಿಗೆ ಆಗದೆಂದು, ಶಾಲೆ ಅಲ್ಲಿಯದೇ ಆಗಬೇಕೆಂದು ಎಳೆಯ ಮಕ್ಕಳನ್ನು ‘ತಾಯ್ನಾಡಿಗೆ’ ಕಳುಹಿಸುವುದು ಅವರಲ್ಲಿ ರೂಢಿಯಾಗಿತ್ತು. ಹೀಗಾಗಿ ಹಡಗಿನ ಪ್ರಥಮ ದರ್ಜೆಯಲ್ಲಿ ಶಿಶುಗಳಿಗೆ ಕೊರತೆ ಇರಲಿಲ್ಲ. ಆ ಶಿಶುಗಳನ್ನು ರಾತ್ರಿಯಿಡೀ ತೂಗುತ್ತಿದ್ದವಳು ತಾಯಿಯಲ್ಲ, ಆಯಾ. ಪೋರ್ಚುಗೀಸರಿಂದ ಬಂದ ಈ ಪದ ನಮ್ಮ ಶಿಶುವಿಹಾರಗಳಲ್ಲಿ ಇಂದಿಗೂ ಬದುಕಿದೆ. ಮೇಲ್ದರ್ಜೆಯ ಮೌನ ಆ ಹೆಂಗಸಿನ ನಿದ್ದೆಗೇಡಿನ ಮೇಲೆ ನಿಂತಿತ್ತು.

ಹಡಗು ಲಂಡನ್ ತಲುಪಿದ ಕೂಡಲೆ ಆಯಾಳ ಕೆಲಸ ಮುಗಿಯುತ್ತಿತ್ತು. ಮರಳುವ ಟಿಕೇಟನ್ನು ಕೊಟ್ಟ ದಣಿಗಳೂ ಇದ್ದರು, ಕೊಡದೆ ಕೈಬಿಟ್ಟವರೂ ಇದ್ದರು. ಹಾಗೆ ಬೀದಿಪಾಲಾದ ಹೆಂಗಸರಿಗಾಗಿಯೇ ಲಂಡನ್ನಿನಲ್ಲಿ ಒಂದು ಆಯಾ ಗೃಹ ಹುಟ್ಟಿಕೊಂಡಿತು. ಮೊದಲು ಆಲ್ಡ್‌ಗೇಟಿನಲ್ಲಿದ್ದ ಆ ಮನೆ 1900ರಲ್ಲಿ ಹ್ಯಾಕ್ನಿಗೆ ಹೋಯಿತು. ಲಂಡನ್ ಸಿಟಿ ಮಿಷನ್ ಅದನ್ನು ನಡೆಸುತ್ತಿತ್ತು. ಭಾರತಕ್ಕೆ ಹೊರಟ ಇನ್ನೊಂದು ಕುಟುಂಬಕ್ಕೆ ಮಗುವನ್ನು ನೋಡಿಕೊಳ್ಳುವವಳು ಬೇಕಾಗುವವರೆಗೆ ಆಯಾ ಅಲ್ಲಿ ಕಾಯಬೇಕು. ಬೇರೆಯವರ ಕೂಸೇ ಅವಳು ಊರಿಗೆ ಮರಳುವ ರಹದಾರಿ.

ರೈಲಿನಲ್ಲಿಯೂ ಇದೇ ಏರ್ಪಾಟು ಮುಂದುವರಿಯಿತು. 1856ರ ಜುಲೈ 1ರಂದು ರಾಯಪುರಂ ನಿಲ್ದಾಣದಿಂದ ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು ಹೊರಟಿತು. 1864ರ ಹೊತ್ತಿಗೆ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೂ ಹಳಿ ಬಂತು. ಪ್ರಥಮ ದರ್ಜೆಯ ಡಬ್ಬಿಗಳಿಗೆ ಹೊಂದಿಕೊಂಡಂತೆ ಆಳುಕಾಳುಗಳಿಗೆಂದು ಪ್ರತ್ಯೇಕ ಚಿಕ್ಕ ಕೋಣೆ ಇರುತ್ತಿತ್ತು. ಮಗು ಅತ್ತರೆ ಕರೆಯುವಷ್ಟು ಹತ್ತಿರ, ಜೊತೆಗೆ ಕೂರಲಾರದಷ್ಟು ದೂರ.

ನಮ್ಮವರು ಬಹುಪಾಲು ಮೂರನೆಯ ದರ್ಜೆಯವರು. ಅಲ್ಲಿ ಮಗುವಿಗೆ ಯಾರೂ ಏನನ್ನೂ ಒದಗಿಸಿರಲಿಲ್ಲ, ತಾಯಂದಿರೇ ಒದಗಿಸಿಕೊಂಡರು. ಹಳೆಯ ಸೀರೆಯೊಂದನ್ನು ಎರಡು ಹಲಗೆಗಳ ಸರಪಳಿಗಳಿಗೆ ಕಟ್ಟಿದರೆ ಜೋಲಿ ಸಿದ್ಧ. ತಮಿಳರು ಅದನ್ನು ‘ತೂಳಿ’ ಎನ್ನುತ್ತಾರೆ. 1955ರ ಅಕ್ಟೋಬರ್ 2ರಂದು ನೆಹರೂ ಅವರು ಉದ್ಘಾಟಿಸಿದ ಪೆರಂಬೂರಿನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯಿಂದ ಹೊರಬಂದ ಸ್ಲೀಪರ್ ಡಬ್ಬಿಗಳಲ್ಲಿ 72 ಮಂದಿ ಮಲಗಲು ಹಲಗೆಗಳಿದ್ದವು. ಎಪ್ಪತ್ತಮೂರನೆಯ ಹಾಸಿಗೆ ಆ ಜೋಲಿ. ಅದು ಯಾವ ನಕ್ಷೆಯಲ್ಲಿಯೂ ಇರಲಿಲ್ಲ, ಆದರೆ ಪ್ರತಿ ರಾತ್ರಿಯೂ ಎಲ್ಲಾದರೊಂದು ಡಬ್ಬಿಯಲ್ಲಿ ಇರುತ್ತಿತ್ತು. ದಾರಿಗೆ ಅಡ್ಡವಾದ ಆ ಜೋಲಿಯನ್ನು ಬಗ್ಗಿ ದಾಟುತ್ತ, ಹೋಗುವಾಗ ಒಮ್ಮೆ ತೂಗಿಯೂ ಹೋಗುತ್ತಿದ್ದ ಅಪರಿಚಿತರನ್ನು ನಾನು ನನ್ನ ಬಾಲ್ಯದ ಪ್ರಯಾಣಗಳಲ್ಲಿ ಎಷ್ಟೋ ಸಲ ಕಂಡಿದ್ದೇನೆ.

ಇನ್ನು ವಿಮಾನ. 1932ರ ಅಕ್ಟೋಬರಿನಲ್ಲಿ ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಅಂಚೆಯ ವಿಮಾನವನ್ನು ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅದನ್ನು ಮದರಾಸಿಗೆ ಒಯ್ದದ್ದು ಬಳ್ಳಾರಿಯ ಮಾರ್ಗವಾಗಿ. ಆಗ ಬಳ್ಳಾರಿ ಮದರಾಸು ಪ್ರಾಂತ್ಯದ ಊರು. ಕನ್ನಡದ ನೆಲ ಮುಟ್ಟಿಯೇ ಮದರಾಸಿಗೆ ವಿಮಾನದ ಅಂಚೆ ಬಂದಿತೆಂಬುದು ಇಲ್ಲಿಯ ಕನ್ನಡಿಗರಾದ ನಮಗೆ ಒಂದು ಸಣ್ಣ ಹೆಮ್ಮೆ. ಆ ಪುಟ್ಟ ವಿಮಾನದಲ್ಲಿ ದರ್ಜೆಯ ಮಾತೇ ಇರಲಿಲ್ಲ. 1948ರ ಜೂನ್ 8ರಂದು ‘ಮಲಬಾರ್ ಪ್ರಿನ್ಸೆಸ್’ ಕೈರೊ, ಜಿನೀವಾ ದಾಟಿ ಲಂಡನ್ನಿಗೆ ಹಾರಿದಾಗ ಅದರಲ್ಲಿದ್ದವರು 35 ಪ್ರಯಾಣಿಕರು. ಅವರಲ್ಲಿ ಮೇಲು ಕೀಳೆಂದು ಪರದೆ ಎಳೆಯುವ ಅಗತ್ಯವಿರಲಿಲ್ಲ. ವಿಮಾನ ಹತ್ತಿದವರೆಲ್ಲ ಮೇಲ್ದರ್ಜೆಯವರೇ.

ಆದರೆ ಆಕಾಶದಲ್ಲಿ ಆಳಿನ ಕೋಣೆಗೆ ಜಾಗವಿಲ್ಲ. ಆಯಾಳ ಸ್ಥಾನಕ್ಕೆ ಯಾರು? ಉತ್ತರ ಅಮೆರಿಕದಿಂದ ಬಂದಿತ್ತು. 1930ರ ಮೇ 15ರಂದು ಎಲೆನ್ ಚರ್ಚ್ ಎಂಬಾಕೆ ಬೋಯಿಂಗ್ ಏರ್ ಟ್ರಾನ್ಸ್‌ಪೋರ್ಟಿನ ವಿಮಾನದಲ್ಲಿ ಮೊದಲ ಗಗನಸಖಿಯಾಗಿ ಹಾರಿದರು. ಆಕೆ ತರಬೇತಿ ಪಡೆದ ದಾದಿ. ವಿಮಾನಗಳಲ್ಲಿ ದಾದಿಯರಿರಬೇಕೆಂದು ಕಂಪನಿಯನ್ನು ಒಪ್ಪಿಸಿದವರೂ ಆಕೆಯೇ. ಮುಂದೆ 1950ರ ದಶಕದ ಬ್ರಿಟಿಷ್ ವಿಮಾನಗಳ ಛಾಯಾಚಿತ್ರಗಳಲ್ಲಿ ಎದುರು ಗೋಡೆಯ ಮೇಲ್ಭಾಗದಿಂದ ತೂಗುಬಿಟ್ಟ ‘ಸ್ಕೈಕಾಟ್’ ಎಂಬ ತೊಟ್ಟಿಲನ್ನೂ ಅದರಲ್ಲಿ ನಗುವ ಕೂಸನ್ನೂ ಕಾಣುತ್ತೇವೆ. 1957ರಲ್ಲಿ ಬಿ.ಒ.ಎ.ಸಿ. ಸಂಸ್ಥೆ ಮಕ್ಕಳಿಗಾಗಿ ‘ಜೂನಿಯರ್ ಜೆಟ್ ಕ್ಲಬ್’ ತೆರೆದು, ಹಾರಿದ ದೂರವನ್ನು ಬರೆದು ಪೈಲಟ್ಟಿನ ಸಹಿ ಹಾಕಿಸಿಕೊಳ್ಳುವ ಪುಸ್ತಕವನ್ನು ಕೊಡುತ್ತಿತ್ತು. ಅಂದಿನ ಮೇಲ್ದರ್ಜೆ ಮಗುವನ್ನು ಸಹಿಸಿಕೊಂಡಿತೆಂದರೆ ಸಾಲದು, ಕರೆದು ಕೂರಿಸಿಕೊಂಡಿತು.

ಹಾಗಾದರೆ ಕೂಸು ಬೇಡವಾದದ್ದು ಯಾವಾಗ? 1952ರಲ್ಲಿ ಅಟ್ಲಾಂಟಿಕ್ ದಾಟುವ ವಿಮಾನಗಳಲ್ಲಿ ಟೂರಿಸ್ಟ್ ದರ್ಜೆಯೂ 1958ರಲ್ಲಿ ಎಕಾನಮಿ ದರ್ಜೆಯೂ ಬಂದವು. ವಿಮಾನದೊಳಗೆ ಪರದೆ ಬಿತ್ತು. ಆದರೂ ಕುಟುಂಬಗಳು ಪರದೆಯ ಎರಡೂ ಕಡೆ ಇದ್ದವು. ನಿಜವಾದ ತಿರುವು 1978-79ರದು. ಅಗ್ಗದ ಟಿಕೇಟಿನವರ ನಡುವೆ ಪೂರ್ಣ ದರ ತೆತ್ತು ಕೂರಬೇಕಾದ ವ್ಯಾಪಾರಿ ಪ್ರಯಾಣಿಕರನ್ನು ಬೇರ್ಪಡಿಸಲು ಪ್ಯಾನ್ ಆಮ್, ಬ್ರಿಟಿಷ್ ಏರ್‌ವೇಸ್, ಕ್ವಾಂಟಾಸ್ ಸಂಸ್ಥೆಗಳು ಹೊಸದೊಂದು ವಿಭಾಗವನ್ನು ತೆರೆದವು. ಬಿಸಿನೆಸ್ ಕ್ಲಾಸ್ ಎಂಬ ಹೆಸರೇ ಅದರ ಸ್ವಭಾವವನ್ನು ಹೇಳುತ್ತದೆ. ಹಡಗಿನ ಪ್ರಥಮ ದರ್ಜೆ ಒಂದು ಮನೆಯ ಮಾದರಿಯದು. ಇದು ಕಚೇರಿಯ ಮಾದರಿಯದು. 2000ದಲ್ಲಿ ಬ್ರಿಟಿಷ್ ಏರ್‌ವೇಸ್ ಬಿಸಿನೆಸ್ ಕ್ಲಾಸಿನ ಆಸನವನ್ನು ಪೂರ್ತಿ ಮಲಗುವ ಹಾಸಿಗೆಯಾಗಿ ಮಾಡಿದ ಮೇಲೆ ಅಲ್ಲಿ ಮಾರಾಟವಾಗುವ ಸರಕು ನಿದ್ದೆಯೇ ಆಯಿತು. ಕೂಸಿನ ಅಳು ಆಗ ಬರಿಯ ಕಿರಿಕಿರಿಯಾಗಿ ಉಳಿಯಲಿಲ್ಲ, ಸರಕಿನ ದೋಷವೆನಿಸಿತು.

ಮುಂದಿನದು ಬೇಗ ನಡೆಯಿತು. 2011ರಲ್ಲಿ ಮಲೇಷ್ಯಾ ಏರ್‌ಲೈನ್ಸ್ ತನ್ನ ಪ್ರಥಮ ದರ್ಜೆಯಲ್ಲಿ ಹಸುಗೂಸುಗಳಿಗೆ ಪ್ರವೇಶವಿಲ್ಲವೆಂದು ಪ್ರಕಟಿಸಿತು. 2013ರಲ್ಲಿ ಏರ್ ಏಷ್ಯಾ ಎಕ್ಸ್, ಸ್ಕೂಟ್ ಸಂಸ್ಥೆಗಳು ಚಿಕ್ಕ ಮಕ್ಕಳಿಲ್ಲದ ನಿಶ್ಶಬ್ದ ವಲಯಗಳನ್ನು ತೆರೆದವು. 2016ರಲ್ಲಿ ನಮ್ಮ ಇಂಡಿಗೊ ಕೂಡ 1ರಿಂದ 4 ಹಾಗೂ 11ರಿಂದ 14ನೆಯ ಸಾಲುಗಳಲ್ಲಿ ಹನ್ನೆರಡು ವರ್ಷದೊಳಗಿನ ಮಕ್ಕಳನ್ನು ಕೂರಿಸುವುದಿಲ್ಲವೆಂದಿತು. ಈ ಕೊನೆಯದು ಸ್ವಾರಸ್ಯದ ಸಂಗತಿ. ಆಗ ಇಂಡಿಗೊದಲ್ಲಿ ಬಿಸಿನೆಸ್ ಕ್ಲಾಸ್ ಇರಲೇ ಇಲ್ಲ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರು 2003ರಲ್ಲಿ ಏರ್ ಡೆಕ್ಕನ್ ಮೂಲಕ ಈ ದೇಶದಲ್ಲಿ ರೂಢಿಗೆ ತಂದದ್ದು ಮೇಲು ಕೀಳಿಲ್ಲದ ಒಂದೇ ದರ್ಜೆಯ ಅಗ್ಗದ ವಿಮಾನ. ಅಂಥ ವಿಮಾನದೊಳಗೂ ಒಂದು ಮೇಲ್ದರ್ಜೆ ಹುಟ್ಟಿಕೊಂಡಿತು. ಕಾಲಿಗೆ ತುಸು ಹೆಚ್ಚಿನ ಜಾಗ, ಜೊತೆಗೆ ಮಕ್ಕಳ ಗೈರುಹಾಜರಿ.

ಕೂಸು ವಿಮಾನದಲ್ಲಿ ಅಳುವುದು ಹಟದಿಂದಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಹಾರುವ ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟಿರುತ್ತದೆ. ಊಟಿಯ ಎತ್ತರ 2,240 ಮೀಟರ್. ವಿಮಾನ ಮೀನಂಬಾಕ್ಕಂನಲ್ಲಿ ಇಳಿಯುವುದೆಂದರೆ ಊಟಿಯಿಂದ ಕಡಲ ಮಟ್ಟಕ್ಕೆ ಅರ್ಧ ತಾಸಿನಲ್ಲಿ ಜಾರಿ ಬಂದಂತೆ. ಕಿವಿಯನ್ನೂ ಗಂಟಲನ್ನೂ ಕೂಡಿಸುವ ನಾಳ ಎಳೆಯ ಮಕ್ಕಳಲ್ಲಿ ಕಿರಿದಾಗಿರುವುದರಿಂದ ಒತ್ತಡ ಬೇಗ ಸಮನಾಗದೆ ನೋವಾಗುತ್ತದೆ. ಹಾಲು ಕುಡಿಸಿದರೆ, ನುಂಗಿದರೆ ಶಮನ. ಈ ನೋವಿನಲ್ಲಿ ಮುಂದಿನ ಸಾಲು, ಹಿಂದಿನ ಸಾಲು ಎಂಬ ಭೇದವಿಲ್ಲ.

ಭೇದವಿರುವುದು ಕಾಗದದಲ್ಲಿ. ಕೇಂದ್ರ ಸರ್ಕಾರದ ನೌಕರನಾದ ನನಗೆ ಈ ಕಾಗದದ ಪರಿಚಯ ಚೆನ್ನಾಗಿ ಇದೆ. 2017ರ ಪ್ರಯಾಣ ಭತ್ಯೆಯ ಆದೇಶದಂತೆ ವೇತನ ಶ್ರೇಣಿ 14 ಮತ್ತು ಅದಕ್ಕೂ ಮೇಲಿನವರಿಗೆ ಬಿಸಿನೆಸ್ ಕ್ಲಾಸ್. 6ರಿಂದ 13ರವರೆಗೆ ಎಕಾನಮಿ. 5 ಮತ್ತು ಅದಕ್ಕೂ ಕೆಳಗಿನವರಿಗೆ ರೈಲು. ವರ್ಗಾವಣೆಯಾದಾಗ ಕುಟುಂಬಕ್ಕೂ ನೌಕರನ ದರ್ಜೆಯೇ. ಹೀಗೆ ತೊದಲು ನುಡಿಯೂ ಬಾರದ ಕಂದನಿಗೆ ಅಪ್ಪನದೋ ಅಮ್ಮನದೋ ಶ್ರೇಣಿ ಅಂಟಿಕೊಳ್ಳುತ್ತದೆ. ಕಡತದಲ್ಲಿ ಇದು ಸಹಜವಾಗಿಯೇ ಕಾಣುತ್ತದೆ. ಮಗುವಿನ ದರ್ಜೆಯೆಂಬುದು ಅದನ್ನು ಎತ್ತಿಕೊಂಡವರ ದರ್ಜೆ; ಹಡಗಿನ ಕಾಲದಲ್ಲಿ ಮಾತ್ರ ಎತ್ತಿಕೊಂಡವಳಿಗೂ ಮಗುವಿಗೂ ಬೇರೆ ಬೇರೆ ದರ್ಜೆ ಇತ್ತು.

‘ಮಾತ್ರ’ ಎಂದು ಬರೆದೆ; ಅದು ಪೂರ್ತಿ ನಿಜವಲ್ಲ. ನಮ್ಮ ಹೊರನಾಡ ಕನ್ನಡಿಗರ ಮನೆಗಳಲ್ಲಿ ಈಗ ಬಾಣಂತನವೆಂದರೆ ವಿದೇಶ ಪ್ರಯಾಣ. ಮಗಳು ಡಲ್ಲಾಸಿನಲ್ಲಿಯೋ ಲಂಡನ್ನಿನಲ್ಲಿಯೋ ಹೆರುತ್ತಾಳೆ. ಮೈಲಾಪುರದ ಅಮ್ಮ ಮೆಂತ್ಯದ ಹಿಟ್ಟು, ಓಂಕಾಳು, ಬಾಣಂತಿ ಲೇಹ್ಯವನ್ನು ಕಟ್ಟಿಕೊಂಡು ನಡುರಾತ್ರಿಯ ವಿಮಾನ ಹತ್ತುತ್ತಾಳೆ. ಆರು ತಿಂಗಳ ಮೇಲೆ ಮೂವರೂ ಕೂಡಿ ಮರಳುತ್ತಾರೆ. ನಮ್ಮ ಪರಿಚಯದ ಮನೆಯೊಂದರಲ್ಲಿ ಹೀಗೆ ಮರಳುವಾಗ, ಸಿಸೇರಿಯನ್ ಆದ ಮಗಳಿಗೆ ಕಾಲು ಚಾಚಲು ಅನುಕೂಲವಾಗಲೆಂದು ಅವಳಿಗೂ ಕೂಸಿಗೂ ಬಿಸಿನೆಸ್ ಕ್ಲಾಸಿನ ಒಂದು ಟಿಕೇಟು, ಅಜ್ಜಿಗೆ ಹಿಂದೆ ಎಕಾನಮಿ. ಕೂಸು ಅತ್ತಿತು. ದನಿಯನ್ನು ಗುರುತಿಸಿದ ಅಜ್ಜಿ ಪರದೆಯವರೆಗೆ ನಡೆದರು. ವಿನಯದಿಂದಲೇ ಅವರನ್ನು ಅಲ್ಲಿ ತಡೆದರು. ಅಜ್ಜಿ ಪರದೆಯ ಈಚೆ, ಮಗಳು ಆಚೆ. ಕೊನೆಗೆ ಮಗಳೇ ಕೂಸನ್ನೆತ್ತಿಕೊಂಡು ಹಿಂದೆ ಬಂದು, ಮಲಗುವ ಹಾಸಿಗೆಯನ್ನು ಖಾಲಿ ಬಿಟ್ಟು, ಅಜ್ಜಿಯ ಪಕ್ಕ ನಿಂತು ರಾತ್ರಿ ಕಳೆದಳಂತೆ. ಇದನ್ನು ಕೇಳಿದಾಗ ನನಗೆ ರೈಲಿನ ಆ ಆಳಿನ ಕೋಣೆ ನೆನಪಾಯಿತು. ನಿಯಮ ಮೀರದೆ ನಡೆದುಕೊಂಡ ಸಿಬ್ಬಂದಿಯ ತಪ್ಪು ಇದರಲ್ಲಿಲ್ಲ. ಕೂಸಿಗೆ ಎರಡು ಕೈ ಸಾಲದೆಂಬ ಹಳೆಯ ತಿಳಿವು ಟಿಕೇಟಿನ ಲೆಕ್ಕದಲ್ಲಿ ಸೇರಿಲ್ಲ, ಅಷ್ಟೆ.

ಆದ್ದರಿಂದ ಕೂಸು ಬೇಕೆ ಬೇಡವೆ ಎಂದು ಕೇಳುವುದಕ್ಕಿಂತ, ಕೂಸಿನ ಜೊತೆ ಯಾರಿದ್ದಾರೆ ಎಂದು ಕೇಳುವುದು ಇತಿಹಾಸ ಬಲ್ಲವರಿಗೆ ಹೆಚ್ಚು ಒಪ್ಪುವ ಮಾತು. ಹಿಂದಿನ ಮೇಲ್ದರ್ಜೆಯ ಮಕ್ಕಳೂ ಅತ್ತಿರಲೇಬೇಕು. ಆ ಅಳುವನ್ನು ಹೊತ್ತವರು ಆಯಾಗಳು, ಬಳಿಕ ದಾದಿಯರು. ಅವರು ತೆರವು ಮಾಡಿದ ಸ್ಥಾನದಲ್ಲಿ ಇಂದು ಒಂಟಿ ತಾಯಿ ಕುಳಿತಿದ್ದಾಳೆ, ಸುತ್ತಲಿನವರ ದೃಷ್ಟಿಗೆ ಹೆದರುತ್ತ. ಅಲ್ಲಲ್ಲಿ ಸಣ್ಣ ತಿದ್ದುಪಡಿಗಳು ನಡೆದಿವೆ. 2019ರಲ್ಲಿ ಜಪಾನ್ ಏರ್‌ಲೈನ್ಸ್ ಕೂಸುಗಳಿರುವ ಆಸನಗಳನ್ನು ನಕ್ಷೆಯಲ್ಲಿ ಗುರುತಿಸಿ ತೋರಿಸತೊಡಗಿತು. ಮೌನ ಬೇಕಾದವರು ದೂರದ ಆಸನವನ್ನು ಆರಿಸಿಕೊಳ್ಳಬಹುದು, ತಾಯಿಯನ್ನು ಎಬ್ಬಿಸಬೇಕಾಗಿಲ್ಲ. 2024ರ ಏಪ್ರಿಲಿನಲ್ಲಿ ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ ಜೊತೆಯಲ್ಲಿ ಬಂದ ತಂದೆ, ತಾಯಿ ಅಥವಾ ಪೋಷಕರಲ್ಲಿ ಒಬ್ಬರ ಪಕ್ಕದಲ್ಲಿಯೇ ಆಸನ ಕೊಡಬೇಕೆಂದು ಆದೇಶಿಸಿತು. ಅಜ್ಜಿಯ ಪರದೆಯನ್ನು ಈ ಆದೇಶ ಸರಿಸುವುದಿಲ್ಲ. ಆದರೂ ಮಗು ಒಂಟಿ ಪ್ರಯಾಣಿಕನಲ್ಲ ಎಂಬುದನ್ನು ಅದು ಒಪ್ಪಿಕೊಂಡಿದೆ.

2022ರ ಎರಡು ಸಣ್ಣ ಸುದ್ದಿಗಳು ನನ್ನ ಮನಸ್ಸಿನಲ್ಲಿ ಜೊತೆಯಾಗಿ ನಿಂತಿವೆ. ಆ ವರ್ಷದ ಮೇ ತಿಂಗಳಲ್ಲಿ ಉತ್ತರ ರೈಲ್ವೆ, ಲಕ್ನೋ ಮೇಲ್ ಗಾಡಿಯ ಎರಡು ಕೆಳ ಹಲಗೆಗಳಿಗೆ ಪ್ರಯೋಗಕ್ಕೆಂದು ‘ಬೇಬಿ ಬರ್ತ್’ ಎಂಬ ಮಡಚುವ ಪುಟ್ಟ ಹಾಸಿಗೆಯನ್ನು ಜೋಡಿಸಿತು. ನಮ್ಮ ತಾಯಂದಿರ ಸೀರೆಯ ಜೋಲಿ ಹೀಗೆ ನಕ್ಷೆಗೆ ಬಂದಿತು. ಮರು ತಿಂಗಳು ಲಂಡನ್ನಿನ ಹ್ಯಾಕ್ನಿಯಲ್ಲಿ, ಹಿಂದೆ ಆಯಾ ಗೃಹವಿದ್ದ ಮನೆಯ ಗೋಡೆಯ ಮೇಲೆ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯ ನೀಲಿ ಫಲಕ ಏರಿತು. ಪ್ರಥಮ ದರ್ಜೆಯ ಕೂಸುಗಳನ್ನು ಕಡಲ ಮೇಲೆ ತೂಗಿದ ಆ ಹೆಂಗಸರಲ್ಲಿ ಹೆಚ್ಚಿನವರ ಹೆಸರು ಎಲ್ಲಿಯೂ ಉಳಿದಿಲ್ಲ. ಅವರು ಇದ್ದರೆಂಬುದನ್ನಾದರೂ ಆ ಫಲಕ ಹೇಳುತ್ತದೆ.