ಖರಾಬಿನ ಲೆಕ್ಕಕ್ಕೆ ಹೋದ ಒಡ್ಡು

ವಿಜಯಪುರ ಜಿಲ್ಲೆಯ ನಮ್ಮ ಎರೆಹೊಲದಲ್ಲಿ ಅಜ್ಜ ಹಾಕಿಸಿದ ಒಂದು ಮಣ್ಣಿನ ಒಡ್ಡು ಇತ್ತು. ಅದರ ಹಿಂದೆ ನೀರು ನಿಂತದ್ದನ್ನು ನಾನು ನೋಡಿಯೇ ಇರಲಿಲ್ಲ. ಹೂಳು ತುಂಬಿದ ಆ ಜಾಗದಲ್ಲಿ ಬಿಳಿಜೋಳ ಬೆಳೆಯುತ್ತಿತ್ತು. ಒಡ್ಡಿನ ಕೆಲಸ ಎಂದೋ ಮುಗಿದಿದೆ ಎಂದುಕೊಂಡಿದ್ದೆ.

ನನ್ನ ತಿಳಿವಳಿಕೆ ತಪ್ಪಾಗಿತ್ತು. ಹೊಲದ ನೀರು ಹಳ್ಳಕ್ಕೆ ಧುಮುಕುವಲ್ಲಿ ಬುಡದ ಮಣ್ಣು ಕೊರೆದುಹೋಗುತ್ತದೆ, ಮೇಲಿನ ಅಂಚು ಕುಸಿಯುತ್ತದೆ. ಹೀಗೆ ಕೊರಕಲು ಮಳೆಯಿಂದ ಮಳೆಗೆ ಮೇಲೇರುತ್ತ ಹೊಲವನ್ನು ನುಂಗುತ್ತದೆ. ಅಡ್ಡಲಾಗಿ ಒಡ್ಡು ಹಾಕಿದರೆ ನೀರು ನಿಧಾನವಾಗಿ ಹೂಳು ಕೂಡುತ್ತದೆ, ಇಳಿಜಾರು ತಗ್ಗುತ್ತದೆ. ಹೆಚ್ಚಾದ ನೀರು ಕಲ್ಲು ಕಟ್ಟಿದ ಕೋಡಿಯಿಂದ ಇಳಿದುಹೋಗುತ್ತದೆ. ಕೆರೆಯಲ್ಲಿ ಹೂಳು ತುಂಬಿದರೆ ನಷ್ಟ. ಇಂಥ ಒಡ್ಡಿಗೆ ಅದೇ ಗಳಿಕೆ.

ಕೆರೆ ಕಟ್ಟಿಸಿದವರಿಗೆ ಶಾಸನಗಳಿವೆ. ಹೊಲದ ಒಡ್ಡಿನ ಚರಿತ್ರೆಯನ್ನು ಕಂದಾಯದ ಕಾಗದಗಳಲ್ಲೇ ಹುಡುಕಬೇಕು. ರೈತ ಸ್ವಂತ ಖರ್ಚಿನಲ್ಲಿ ಮಾಡಿದ ಸುಧಾರಣೆಯ ಕಾರಣಕ್ಕೆ ಕಂದಾಯ ಏರಿಸಬಾರದು ಎಂಬ ತತ್ವವನ್ನು 1879ರ ಮುಂಬಯಿ ಭೂಕಂದಾಯ ಸಂಹಿತೆ ಒಪ್ಪಿಕೊಂಡಿತು. 1883ರ ಭೂಸುಧಾರಣಾ ಸಾಲಗಳ ಕಾಯ್ದೆ, ಮಣ್ಣು ಕೊಚ್ಚಿಹೋಗದಂತೆ ಹೊಲ ಕಾಯುವ ಕೆಲಸಕ್ಕೂ ತಕಾವಿ ಸಾಲಕ್ಕೆ ಅವಕಾಶ ಕೊಟ್ಟಿತು. 1942ರಲ್ಲಿ ಮುಂಬಯಿ ಪ್ರಾಂತ್ಯದ ಇನ್ನೊಂದು ಕಾಯ್ದೆ, ಹಲವರ ಹೊಲಗಳನ್ನು ಒಟ್ಟು ಸೇರಿಸಿ ಬದು ಹಾಕುವ ಯೋಜನೆಗಳಿಗೆ ದಾರಿ ಮಾಡಿತು. ಹರಿಯುವ ನೀರಿಗೆ ಸರ್ವೆ ನಂಬರಿನ ಗಡಿ ಇಲ್ಲವೆಂಬುದು ಸರಕಾರಕ್ಕೂ ತಿಳಿದಿತ್ತು.

ಆದರೆ ನಮ್ಮ ಪಹಣಿಯಲ್ಲಿ ಒಡ್ಡು ಕೂತ ನೆಲ ಖರಾಬು, ಅಂದರೆ ಸಾಗುವಳಿಗೆ ಬಾರದ ಜಮೀನು. ಹೊಲವನ್ನು ಹಿಡಿದು ನಿಲ್ಲಿಸಿದ್ದಕ್ಕೆ ಕಾಗದದಲ್ಲಿ ಸಿಕ್ಕ ಹೆಸರು ಅದು. ಅಜ್ಜನ ನಂತರ ಹೊಲ ಮೂರು ಪಾಲಾಯಿತು. ಕೋಡಿಯ ಕಲ್ಲು ಸಡಿಲವಾದಾಗ ಅಪ್ಪ ಕಾಕಾನಿಗೆ ಹೇಳಿದರು. "ಖರಾಬು ಯಾರ ಪಾಲಿಗೂ ಬಂದಿಲ್ಲಲ್ಲ, ನಾ ಯಾಕ ರೊಕ್ಕ ಹಾಕ್ಲಿ?" ಅಂದರು ಕಾಕಾ. ಅಪ್ಪನೂ ಸುಮ್ಮನಾದರು. ಎರಡು ವರ್ಷದ ಹಿಂದಿನ ಹಿಂಗಾರಿ ಮಳೆಗೆ ಒಡ್ಡು ಒಡೆಯಿತು. ಅಜ್ಜನ ಕಾಲದಿಂದ ಕೂಡಿದ ಮಣ್ಣು ಒಂದೇ ರಾತ್ರಿ ಹಳ್ಳದ ಪಾಲಾಯಿತು. ಮೊದಲು ಕಾಕಾನ ಹೊಲ ಹೊಕ್ಕ ಕೊರಕಲು ಮರುವರ್ಷ ನಮ್ಮ ಹೊಲಕ್ಕೆ ಬಂತು.

ಹೋದ ಬೇಸಿಗೆಯಲ್ಲಿ ಮೂರೂ ಮನೆಯವರು ಕೂಡಿ ಕಲ್ಲು ಹೊತ್ತು ಕೋಡಿ ಕಟ್ಟಿದೆವು. ಯಾರ ಖರ್ಚು ಎಷ್ಟು ಎಂಬ ವಾದ ಇನ್ನೂ ಮುಗಿದಿಲ್ಲ. ಪಹಣಿಯಲ್ಲಿ ಅದು ಈಗಲೂ ಖರಾಬೇ.