ಸಂಖ್ಯಾಶಾಸ್ತ್ರೀಯ ತಂತ್ರಾಂಶಗಳಿಗೆ ಗಣನವಿಧಿಗಳ ಸಾಮಾನ್ಯ ಭಂಡಾರ

100000001, 100000002, 100000003 ಎಂಬ ಮೂರು ಸಂಖ್ಯೆಗಳ ಮಾನಕ ವಿಚಲನೆ 1 ಎಂಬುದು ಬಾಯಿಲೆಕ್ಕಕ್ಕೇ ಸಿಕ್ಕುವ ಮಾತು. ಆದರೆ ವರ್ಗಗಳ ಮೊತ್ತದಿಂದ ಸರಾಸರಿಯ ವರ್ಗದ ಮೂರರಷ್ಟನ್ನು ಕಳೆಯುವ ಪಠ್ಯಪುಸ್ತಕದ ಸೂತ್ರವನ್ನು ಯಥಾವತ್ತಾಗಿ ಗಣಕಯಂತ್ರಕ್ಕೆ ಒಪ್ಪಿಸಿದರೆ, 53 ಬಿಟ್‌ಗಳ ನಿಖರತೆಯುಳ್ಳ ಅದು 30000001200000014 ಆಗಬೇಕಾದ ಮೊತ್ತವನ್ನು 30000001200000012 ಎಂದು ಗ್ರಹಿಸಿ, ಅದರಿಂದ ಅಷ್ಟನ್ನೇ ಕಳೆದು, ವಿಚಲನೆ ಸೊನ್ನೆಯೆಂದು ಸಾರುತ್ತದೆ. ಮೊದಲು ಸರಾಸರಿಯನ್ನು ಕಂಡುಕೊಂಡು ಬಳಿಕ ಅಂತರಗಳನ್ನು ವರ್ಗಿಸಬೇಕೆಂಬ ಪರಿಹಾರವು ಬಹುಕಾಲದಿಂದ ವಿದಿತವಾಗಿದ್ದರೂ, ತನ್ನ ಗಣನವಿಧಿಯನ್ನು ತಾನೇ ಬರೆದುಕೊಳ್ಳುವ ಪ್ರತಿಯೊಬ್ಬ ತಂತ್ರಾಂಶಕಾರನೂ ಈ ಹಳೆಯ ಪ್ರಮಾದವನ್ನು ಹೊಸದಾಗಿ ಎಸಗುವ ಅವಕಾಶ ಇದ್ದೇ ಇರುತ್ತದೆ. 1967ರಲ್ಲಿ ಲಾಂಗ್ಲಿ ಎಂಬವರು ಅಮೆರಿಕದ ಉದ್ಯೋಗಸಂಬಂಧವಾದ ಒಂದೇ ದತ್ತಾಂಶವನ್ನು ಆ ಕಾಲದ ಹಲವು ಪ್ರೋಗ್ರಾಂಗಳಿಗೆ ಉಣಿಸಿ, ಅವು ಪರಸ್ಪರ ಹೊಂದದ ಉತ್ತರಗಳನ್ನೀಯುವುದನ್ನು ತೋರಿಸಿಕೊಟ್ಟರು.

ರೇಖೀಯ ಬೀಜಗಣಿತದಲ್ಲಿ ಈ ವ್ಯಾಧಿಗೆ ಔಷಧವು ಬೇಗನೆ ದೊರೆಯಿತು. 1979ರಲ್ಲಿ ಪ್ರಕಟವಾದ ಬ್ಲಾಸ್, ಅದನ್ನು ಆಶ್ರಯಿಸಿದ ಲಿನ್‌ಪ್ಯಾಕ್, 1992ರ ಲ್ಯಾಪ್ಯಾಕ್, ಈ ಗಣನವಿಧಿ ಸಂಗ್ರಹಗಳು ಯಾವೊಂದು ತಂತ್ರಾಂಶದ ಸ್ವತ್ತೂ ಆಗದೆ ಎಲ್ಲರ ಬಳಕೆಗೂ ಬಂದುವು. ಸಂಭವನೀಯತಾ ವಿತರಣೆಗಳ ವಿಷಯದಲ್ಲಾದರೋ, ಇಂಗ್ಲೆಂಡಿನ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿಯ ಪತ್ರಿಕೆಯು 1968ರಿಂದಲೂ ಗಣನವಿಧಿಗಳನ್ನು ಅಚ್ಚಿಸುತ್ತ ಬಂದಿದ್ದರೂ, ಅವನ್ನು ಒಂದೆಡೆ ಕೂಡಿಸಿ ಶೋಧಿಸಿಡುವ ಕಾರ್ಯ ಹಿಂದುಳಿಯಿತು.

ಆ ಕೊರತೆಯನ್ನು ಬಹುಮಟ್ಟಿಗೆ ನೀಗಿದುದು, ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ಇಹಾಕಾ ಮತ್ತು ಜಂಟಲ್‌ಮನ್ ಎಂಬ ವಿದ್ವಾಂಸರು ಆರಂಭಿಸಿದ ಆರ್ ಭಾಷೆಯೊಳಗಿನ ಎನ್‌ಮ್ಯಾಥ್ ಎಂಬ ಭಾಗ. ಇದರ ಹಿರಿಮೆ ನನ್ನ ದೃಷ್ಟಿಯಲ್ಲಿ ಅದರ ಅಲ್ಪಜ್ಞತೆಯಲ್ಲಿಯೇ ಇದೆ: ಸಂಖ್ಯೆಯನ್ನು ಪಡೆದು ಸಂಖ್ಯೆಯನ್ನು ಹಿಂದಿರುಗಿಸುವುದರ ಹೊರತು, ಆರ್‌ನ ಆಂತರಿಕ ರಚನೆಗಳಾವುವನ್ನೂ ಅದರ ವಿಧಿಗಳು ಅರಿಯವು. ಆದುದರಿಂದಲೇ ಅದನ್ನು ಬೇರ್ಪಡಿಸಿ ಸ್ವತಂತ್ರ ಗ್ರಂಥಾಲಯವಾಗಿ ಕಟ್ಟಿಕೊಳ್ಳುವುದು ಸಾಧ್ಯವಾಯಿತು. ಜೂಲಿಯಾ ಭಾಷೆಯವರೂ ಅದನ್ನು ತಮ್ಮದಾಗಿಸಿಕೊಂಡರು. ಮಾನಕ ಪ್ರಸಾಮಾನ್ಯ ವಿತರಣೆಯಲ್ಲಿ 10ಕ್ಕಿಂತ ಆಚೆಯ ಸಂಭವನೀಯತೆಯನ್ನು ಒಂದರಿಂದ ಕಳೆದು ಪಡೆಯಹೊರಟವನಿಗೆ ಸೊನ್ನೆ ದೊರೆತರೆ, ಬಲಬಾಲವನ್ನು ನೇರವಾಗಿ ಕೇಳುವ ಅವಕಾಶವುಳ್ಳ ಎನ್‌ಮ್ಯಾಥ್ 7.62 × 10⁻²⁴ ಎಂದು ಸರಿಯಾಗಿ ನುಡಿಯುತ್ತದೆ. ಇಂತಹ ವಿವೇಕವು ಒಮ್ಮೆ ಬರೆದು ಎಲ್ಲರೂ ಪಡೆಯತಕ್ಕದ್ದೇ ಹೊರತು ಪ್ರತಿ ಮನೆಯಲ್ಲೂ ಮತ್ತೆ ಸಂಪಾದಿಸತಕ್ಕದ್ದಲ್ಲ. ಯಾದೃಚ್ಛಿಕ ಸಂಖ್ಯೆಗಳಲ್ಲಿ ಮಾತ್ರ ಈ ಬೇರ್ಪಡಿಕೆ ಪೂರ್ಣವಾಗದು: ಸ್ವತಂತ್ರ ರೂಪದಲ್ಲಿ ಆರ್‌ನ ಜನಕಗಳ ಬದಲು ಮಾರ್ಸಾಗ್ಲಿ ಎಂಬವರ ಸರಳ ಜನಕವೊಂದನ್ನು ಇರಿಸಿರುವುದರಿಂದ, ಒಂದೇ ವಿಧಿಯೂ ಆರ್‌ನೊಳಗೆ ಒಂದು ಸರಣಿಯನ್ನೂ ಹೊರಗೆ ಮತ್ತೊಂದನ್ನೂ ಕೊಡುತ್ತದೆ.

ತೊಡಕು ಗಣಿತದಲ್ಲಿರುವುದಕ್ಕಿಂತ ಹೆಚ್ಚಾಗಿ ಪರವಾನಗಿಯಲ್ಲಿದೆ. ಆರ್ ಜಿಪಿಎಲ್ ಎಂಬ ನಿಬಂಧನೆಗೆ ಒಳಪಟ್ಟಿರುವುದರಿಂದ, ಅದಕ್ಕಿಂತ ಸಡಿಲವಾದ ಬಿಎಸ್‌ಡಿ ಪರವಾನಗಿಯ ಸೈಪೈ ಎಂಬ ಗಣನ ಗ್ರಂಥಾಲಯವು ಅದರ ಸಂಕೇತವನ್ನು ತನ್ನೊಳಗೆ ಬೆರೆಸಿಕೊಳ್ಳುವಂತಿಲ್ಲ. ಅದು ಸೆಫಿಸ್ ಮೊದಲಾದ ಬೇರೆ ಆಕರಗಳನ್ನು ಅವಲಂಬಿಸಬೇಕಾಯಿತು. ಇದನ್ನು ಕೇವಲ ಅನಿಷ್ಟವೆಂದು ನಾನೆಣಿಸಲಾರೆ. ಎಲ್ಲರೂ ಒಂದೇ ಭಂಡಾರದಿಂದ ತಂದರೆ ಅಲ್ಲಿಯ ದೋಷವೂ ಎಲ್ಲರದಾಗುತ್ತದೆ, ತಪ್ಪನ್ನು ತೋರಿಸುವ ಭಿನ್ನ ಉತ್ತರವೇ ಉಳಿಯುವುದಿಲ್ಲ. ಎರಡು ಸ್ವತಂತ್ರ ಪರಂಪರೆಗಳಿದ್ದು, ಕಠಿಣವಾದ ಪರೀಕ್ಷಾಮೌಲ್ಯಗಳ ಪಟ್ಟಿಯನ್ನು ಯಾವ ನಿಬಂಧನೆಯೂ ಇಲ್ಲದೆ ಉಭಯರೂ ಹಂಚಿಕೊಂಡರೆ, ವಿಧಿಗಳ ಹಂಚಿಕೆ ನಿಂತುಹೋದ ಕಡೆಗಳಲ್ಲಿಯೂ ಶೋಧನೆಯ ಹಂಚಿಕೆ ನಡೆಯಬಲ್ಲುದು.